ಹಳೇಬೀಡಿನ ಗೋಡೆಗಳ ಫೋಟೊ ತೆಗೆಯುವವರಿಗೆ: ಮೊದಲು ಬೆಳಕು, ಆಮೇಲೆ ಲೆನ್ಸ್

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಫೋಟೊಗಳು ಚಪ್ಪಟೆಯಾಗಿ ಬರುತ್ತವೆ ಎಂದು ಬೇಸರಪಡುವವರು, ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ಅಲ್ಲಿಗೆ ಹೋಗುವ ಹೊತ್ತನ್ನು ಬದಲಿಸಿ ನೋಡಬೇಕೆಂದು ನನ್ನ ವಿನಂತಿ. ಗುಡಿ ಪೂರ್ವಾಭಿಮುಖವಾಗಿರುವುದರಿಂದ, ದೊಡ್ಡ ಮೂರ್ತಿಗಳ ಸಾಲಿರುವ ಹಿಂಬದಿಯ ಗೋಡೆ ಬೆಳಗ್ಗೆ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಕಳೆದು ಸೂರ್ಯ ಪಶ್ಚಿಮಕ್ಕೆ ಹೊರಳುವಾಗ, ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುವ ಸ್ವಲ್ಪ ಹೊತ್ತಿನಲ್ಲಿ, ಆನೆಗಳ ಸಾಲಿನ ಒಂದೊಂದು ಸೊಂಡಿಲಿನ ಪಕ್ಕದಲ್ಲೂ ತೆಳುವಾದ ನೆರಳು ಮೂಡಿ ಕೆತ್ತನೆಗೆ ಆಳ ಬರುತ್ತದೆ. ಗೋಡೆ ಮೂಲೆ ಮೂಲೆಯಾಗಿ ಮಡಚಿಕೊಂಡಿರುವುದರಿಂದ ಈ ಓರೆ ಬೆಳಕು ಎಲ್ಲ ಮುಖಗಳ ಮೇಲೂ ಒಮ್ಮೆಲೇ ಬೀಳುವುದಿಲ್ಲ. ಆದ್ದರಿಂದ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ನಿಧಾನವಾಗಿ ಎರಡು ಸುತ್ತು ಬನ್ನಿ.

ಗುಡಿ ಕಟ್ಟಿರುವ ಬಳಪದ ಕಲ್ಲಿನ ಬಣ್ಣ ಕಡು ಬೂದು. ಚೌಕಟ್ಟಿನ ತುಂಬ ಅದೇ ಇದ್ದಾಗ ಕ್ಯಾಮೆರಾ ಅದನ್ನು ಇರುವುದಕ್ಕಿಂತ ಬೆಳ್ಳಗೆ ತೋರಿಸುತ್ತದೆಯಾದ್ದರಿಂದ, ಎಕ್ಸ್‌ಪೋಶರನ್ನು (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣವನ್ನು) ಮೈನಸ್ 0.7ಕ್ಕೆ ಇಳಿಸಿದರೆ ಕಲ್ಲಿನ ನಿಜವಾದ ಬಣ್ಣ ಉಳಿಯುತ್ತದೆ. ಹಿನ್ನೆಲೆಯಲ್ಲಿ ಬಿಳಿ ಆಕಾಶವೇ ಹೆಚ್ಚಿದ್ದರೆ ಇದಕ್ಕೆ ವಿರುದ್ಧವಾಗಿ ಪ್ಲಸ್ ಕಡೆಗೆ ಹೋಗಬೇಕು.

ಲೆನ್ಸ್ ವಿಚಾರದಲ್ಲಿ ಹೆಚ್ಚು ಖರ್ಚು ಬೇಡ. ಬಿಡಿ ಶಿಲ್ಪಗಳಿಗೆ 50 ಮಿ.ಮೀ. ಲೆನ್ಸ್, ಎಫ್ 8 (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ) ಸಾಕು. ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸನ್ನು ಮೇಲಕ್ಕೆ ಎತ್ತಿ ಹಿಡಿದರೆ ಗೋಡೆಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ. ಹಿಂದೆ ಸರಿದು ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವುದೇ ಸರಿಯಾದ ಕ್ರಮ. ಮಳೆ ನಿಂತ ಮೇಲೆ ಸುತ್ತಲಿನ ಮರಗಳನ್ನೂ ದ್ವಾರಸಮುದ್ರ ಕೆರೆಯನ್ನೂ ತೆಗೆಯುವುದಾದರೆ ಮಾತ್ರ ಪೋಲರೈಸರ್ (ಲೆನ್ಸಿನ ಮುಂದೆ ಹಾಕುವ ಫಿಲ್ಟರ್) ಕೊಳ್ಳಿ. ಒದ್ದೆ ಎಲೆಗಳ ಮೇಲಿನ ಹೊಳಪನ್ನು ತಗ್ಗಿಸಿ ಹಸಿರನ್ನು ಹೊರತರಲು ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.