‘ಪ’ ಇಲ್ಲದ ಭಾಷೆ

ವಿದೇಶಾಂಗ ಸೇವೆಗೆ ಸೇರಿದಾಗ ನನ್ನ ಪಾಲಿಗೆ ಬಂದ ಭಾಷೆ ಅರಬ್ಬಿ. ಮಸ್ಸೂರಿ, ದೆಹಲಿಯ ತರಬೇತಿ ಮುಗಿಸಿ ಕೈರೋದಲ್ಲಿ ಕೂತು ಕಲಿತೆ. ಭಾಷೆಯ ಪರೀಕ್ಷೆ ಪಾಸಾಗದೆ ನೌಕರಿ ಕಾಯಂ ಆಗುವುದಿಲ್ಲ. ಮುಂದೆ ಕೌನ್ಸೆಲರ್ ಆದೆ, ರಾಯಭಾರಿಯೂ ಆದೆ. ಆದರೆ ಆ ಭಾಷೆ ಯಾತಕ್ಕೆ ಕಲಿತೆನೆಂದು ತಿಳಿದದ್ದು ಕೊಲ್ಲಿ ದೇಶವೊಂದರಲ್ಲಿ, ಅಲ್ಲಿರುವ ನಮ್ಮವರ ಕಷ್ಟಸುಖ ನೋಡುವ ಕಾನ್ಸುಲರ್ ವಿಭಾಗದಲ್ಲಿದ್ದಾಗ.

ಉಡುಪಿ ಕಡೆಯ ಹುಡುಗ, ಕಟ್ಟಡದ ಕೆಲಸ. ಕ್ಯಾಂಪಿನಲ್ಲಿ ರಾತ್ರಿ ಮಲಗಿದವ ಬೆಳಗ್ಗೆ ಏಳಲಿಲ್ಲ. ಸಾವಿನ ಸುದ್ದಿಯನ್ನು ಆ ದೇಶ ತಡಮಾಡದೆ ನಮಗೆ ತಿಳಿಸಬೇಕೆಂದು 1963ರ ವಿಯೆನ್ನಾ ಒಪ್ಪಂದದ 37ನೇ ವಿಧಿ ಹೇಳುತ್ತದೆ. ಅವತ್ತು ಮೊದಲು ಫೋನ್ ಮಾಡಿದ್ದು ಅವನ ರೂಮಿನವರು.

ಶವ ಊರಿಗೆ ಕಳಿಸಲು ಬೇಕಾದ ಕಾಗದ ಒಂದೆರಡಲ್ಲ: ಪೊಲೀಸರ ಪತ್ರ, ಮರಣಪತ್ರ, ಮನೆಯವರ ಒಪ್ಪಿಗೆ, ಕೆಲಸಕ್ಕೆ ಕರೆಸಿಕೊಂಡ ಕಫೀಲನ (ಪ್ರಾಯೋಜಕನ) ಸಹಿ, ರದ್ದಾದ ಪಾಸ್‌ಪೋರ್ಟ್, ಆಕ್ಷೇಪವಿಲ್ಲವೆಂಬ ನಮ್ಮ ಎನ್‌ಒಸಿ, ಶವ ಕೆಡದಂತೆ ಮದ್ದು ತುಂಬಿದ್ದಕ್ಕೆ ಪ್ರಮಾಣಪತ್ರ. ಎಲ್ಲ ಆಗಿ ಪೆಟ್ಟಿಗೆ ಕಾರ್ಗೋದಲ್ಲಿ ನಿಂತುಬಿಟ್ಟಿತು. ಪಾಸ್‌ಪೋರ್ಟಿನಲ್ಲಿ ಪೂಜಾರಿ, ಮರಣಪತ್ರದ ಇಂಗ್ಲಿಷ್ ಅನುವಾದದಲ್ಲಿ ಬೂಜಾರಿ.

ಅರಬ್ಬಿಯಲ್ಲಿ ‘ಪ’ ಇಲ್ಲ. ಅಲ್ಲಿನ ಗುಮಾಸ್ತ ‘ಬ’ ಬರೆದ. ಅವನ ಲಿಪಿಗೆ ಅದೇ ಸರಿ. ಅದನ್ನು ಇಂಗ್ಲಿಷಿಗೆ ಇಳಿಸಿದವರು ಪಾಸ್‌ಪೋರ್ಟ್ ನೋಡಲಿಲ್ಲ. ಆ ಅನುವಾದಕ್ಕೆ ಸಹಿ ಹಾಕಿ ಮೊಹರು ಒತ್ತಿದವನು ನಾನು. ಅಷ್ಟು ಅರಬ್ಬಿ ಕಲಿತವನು ಮೂಲ ಹಾಳೆಯ ಮೇಲೆ ಕಣ್ಣಾಡಿಸಿಯೂ ಇರಲಿಲ್ಲ.

ಎರಡೂ ಹೆಸರು ಒಬ್ಬನದೇ ಎಂದು ಅರಬ್ಬಿಯಲ್ಲಿ ಪತ್ರ ಬರೆದು ನಾನೇ ಓಡಿದೆ. ಗುರುವಾರ ಮಧ್ಯಾಹ್ನ, ಕಚೇರಿ ಮುಚ್ಚಿತ್ತು. ಶುಕ್ರವಾರ, ಶನಿವಾರ ರಜೆ. ರಾತ್ರಿ ಅವನ ತಾಯಿಗೆ ಫೋನ್ ಮಾಡಿ, ತಡವಾದದ್ದು ನನ್ನಿಂದ ಎಂದೆ. ಅವರು ಅದಕ್ಕೇನೂ ಹೇಳಲಿಲ್ಲ. “ಸರ್, ಅವನನ್ನು ಐಸಲ್ಲಿ ಇಟ್ಟಿದ್ದಾರಾ? ಅವನಿಗೆ ಚಳಿ ತಡೆಯಲಿಕ್ಕೆ ಆಗುದಿಲ್ಲ” ಅಂದರು.

“ಹೌದಮ್ಮ” ಎಂದೆ. ಬೇರೇನು ಹೇಳಲಿ?

ಭಾನುವಾರ ಪತ್ರ ಒಪ್ಪಿದರು. ಮರುದಿನ ಮಂಗಳೂರಿನಲ್ಲಿ ಅವನ ತಮ್ಮ ಸಹಿ ಹಾಕಿ ಪೆಟ್ಟಿಗೆ ಪಡೆದ.

ಆಮೇಲೆ ಯಾವ ಅರಬ್ಬಿ ದೇಶಕ್ಕೆ ಹೋದರೂ ನನ್ನ ಕೆಲಸದ ಕ್ರಮ ಒಂದೇ. ಪಾಸ್‌ಪೋರ್ಟನ್ನು ಎಡಕ್ಕೆ, ಅರಬ್ಬಿ ಮೂಲವನ್ನು ಬಲಕ್ಕೆ ಇಟ್ಟುಕೊಂಡು ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ಓದುವುದು. ಪ, ಚ, ವ ಬಂದಲ್ಲಿ ಎರಡು ಸಲ. ತಂದೆಯ ಹೆಸರನ್ನೂ ಬಿಡದೆ. ಅನುವಾದ ಕೊನೆಗೆ. ರಾಯಭಾರಿಯಾದಾಗಲೂ ಮರಣದ ಕಡತ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ಹೊಸದಾಗಿ ಬಂದ ಮೂರನೇ ಕಾರ್ಯದರ್ಶಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಅವರದೇ ಇರಲಿ ಎನ್ನುತ್ತಿದ್ದೆ.