ಬಾರ್ತ್ ಕೋಡ್ ಹಿಡಿದು ಸಸ್ಪೆನ್ಸ್ ಕಟ್ಟಿದ್ದು: ನನ್ನ ಅನುಭವ

"ಕೋಡ್ ಗೀಡ್ ಎಲ್ಲಾ ಕ್ಲಾಸಿನಲ್ಲಿ ಪಾಠ ಮಾಡುವವರಿಗೆ. ಅದನ್ನಿಟ್ಟುಕೊಂಡು ಯಾರೂ ಥ್ರಿಲ್ಲರ್ ಬರೆಯುವುದಿಲ್ಲ." ಬರೆಯುವ ಗೆಳೆಯರಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಈಗ ಕಾದಂಬರಿ ಅಚ್ಚಾಗಿ ಎರಡನೇ ಮುದ್ರಣಕ್ಕೂ ಹೋಗಿದೆ. ಹಾಗಾಗಿ ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ. ಕೋಡ್ ಅಂದರೆ ಕಥೆಯ ಒಂದೊಂದು ಮಾತು ಓದುಗರಿಗೆ ಅರ್ಥ ಕೊಡುವ ಬಗೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಅಂಥ ಐದನ್ನು ಹೆಸರಿಸಿದ್ದಾರೆ: ಪ್ರಶ್ನೆ ಎಬ್ಬಿಸುವ ಒಗಟು, ಒಂದಾದ ಮೇಲೊಂದು ನಡೆಯುವ ಕ್ರಿಯೆ, ಪಾತ್ರದ ಗುಣದ ಸೂಚನೆ, ಸಮಾಜದ ನಂಬಿಕೆ, ಸಂಕೇತ.

ಕಥೆ ಇಷ್ಟು. ಸುಧಾ ಅನ್ನುವವಳ ಅಣ್ಣ ಕಾಣೆಯಾಗಿದ್ದಾನೆ. ಕಥೆ ಹೇಳುವವಳು ಅವಳೇ. ಅವನಿಗೆ ಏನಾಯಿತು ಅನ್ನುವುದೂ ಅವಳಿಗೆ ಗೊತ್ತು, ಆದರೆ ಮನಸ್ಸು ಒಪ್ಪುತ್ತಿಲ್ಲ. ಮೊದಲ ಡ್ರಾಫ್ಟಿನಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಒಂದು ತಿರುವು ಇತ್ತು. ಓದಿದವರು ಮೂರನೇ ತಿರುವಿಗೆಲ್ಲ ಕಥೆಯನ್ನು ನಂಬುವುದನ್ನೇ ಬಿಟ್ಟರು. ಮುಂದಿನ ಡ್ರಾಫ್ಟಿನಲ್ಲಿ ಮುಖ್ಯ ಸಂಗತಿಗಳನ್ನೆಲ್ಲ ಕೊನೆಗೆ ತಳ್ಳಿದೆ. ಆಗ ನಡುವಿನ ನೂರು ಪುಟ ಸಪ್ಪೆಯಾಯಿತು. ಕೊನೆಗೆ ದುಡ್ಡು ಕೊಟ್ಟು ಒಬ್ಬ ಸಂಪಾದಕರಿಂದ ವರದಿ ಬರೆಸಿದೆ. ಹಿಂದಿನ ಪುಸ್ತಕದ ರಾಯಲ್ಟಿಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ಬಂದದ್ದು ನಾಲ್ಕೈದು ಪುಟ. ಸಾರಾಂಶ: ನಡುಭಾಗದ ವೇಗ ಹೆಚ್ಚಿಸಿ. ಸರಿ, ಯಾವ ಪುಟದಲ್ಲಿ? ಯಾವ ವಾಕ್ಯದಲ್ಲಿ? ಒಂದಕ್ಕೂ ಉತ್ತರವಿರಲಿಲ್ಲ.

ರೋಲಾಂ ಬಾರ್ತ್ 1970ರ 'ಎಸ್/ಜೆಡ್' ಪುಸ್ತಕದಲ್ಲಿ ಫ್ರೆಂಚ್ ಕಥೆಗಾರ ಬಾಲ್ಜಾಕ್‌ನ ಒಂದೇ ಒಂದು ನೀಳ್ಗತೆಯನ್ನು 561 ತುಂಡು ಮಾಡಿ ಓದಿದ್ದಾರೆ. ಬೇರೆಯವರ ಕಥೆಗೆ ಮಾಡಿದ್ದನ್ನು ನನ್ನ ಕಥೆಗೆ ಯಾಕೆ ಮಾಡಬಾರದು ಅನ್ನಿಸಿತು. ಸಪ್ಪೆಯಾಗಿದ್ದ ನಡುಭಾಗವನ್ನು ಸುಮಾರು 800 ತುಂಡು ಮಾಡಿದೆ. ಒಗಟಿನ ಕೋಡ್‌ಗೆ ಕೆಂಪು, ಕ್ರಿಯೆಯ ಕೋಡ್‌ಗೆ ನೀಲಿ, ಪಾತ್ರದ ಗುಣ ಸೂಚಿಸುವುದಕ್ಕೆ ಹಸಿರು. ಸಮಾಜದ ನಂಬಿಕೆಗೆ ಹಳದಿ, ಸಂಕೇತಕ್ಕೆ ನೇರಳೆ. ಪ್ರತಿ ಸಲ ಹೊಸ ಪ್ರಿಂಟ್ ತೆಗೆಯಬೇಕು, ಹಾಗಾಗಿ ಖರ್ಚು ಇಲ್ಲೂ ಕಮ್ಮಿಯೇನಲ್ಲ.

ಬಣ್ಣ ಹಚ್ಚಿ ನೆಲದ ಮೇಲೆ ಹರಡಿದಾಗ ರೋಗ ಕಣ್ಣಿಗೇ ಕಂಡಿತು. ಕೆಂಪೆಲ್ಲ ಒಂದು ಕಡೆ, ನೀಲಿಯೆಲ್ಲ ಇನ್ನೊಂದು ಕಡೆ. ಸುಧಾ ಯೋಚಿಸುತ್ತಾ ಕೂತರೆ ಬರೀ ಪ್ರಶ್ನೆ, ಎದ್ದು ಓಡಾಡಿದರೆ ಬರೀ ಕೆಲಸ. ಐದರಲ್ಲಿ ಹಿಂದುಮುಂದು ಮಾಡಲಾಗದ ಕೋಡ್‌ಗಳು ಈ ಎರಡೇ ಅಂತ ಬಾರ್ತ್ ಹೇಳುತ್ತಾರೆ. ಪ್ರಶ್ನೆ ಆದ ಮೇಲೇ ಉತ್ತರ, ಶುರು ಆದ ಮೇಲೇ ಮುಕ್ತಾಯ. ಓದುಗರನ್ನು ಮುಂದಕ್ಕೆ ಎಳೆಯುವ ಶಕ್ತಿ ಇರುವುದೂ ಇವೆರಡಕ್ಕೇ. ಹಾಗಾದರೆ ಇವನ್ನು ಬೇರೆ ಬೇರೆ ಇಟ್ಟರೆ ಹೇಗೆ?

ಒಂದು ಜಾಗ ತೋರಿಸುತ್ತೇನೆ. ಮೊದಲು ಹೀಗಿತ್ತು: "ಅಣ್ಣ ಎಲ್ಲಿ ಹೋದ? ಆ ರಾತ್ರಿ ನಿಜವಾಗಿ ಏನಾಯಿತು? ನಾನು ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ಯೋಚಿಸಿದೆ."

ಆಮೇಲೆ ಹೀಗಾಯಿತು: "ಅಣ್ಣನ ಕೋಣೆಯ ಬೀಗಕ್ಕೆ ಕೀಲಿ ಹಾಕಿದೆ. ಅರ್ಧ ತಿರುಗಿತು. ಕೆಳಗೆ ಯಾರೋ ಬಾಗಿಲು ಬಡಿದರು. ಪೊಲೀಸರು. ಆ ರಾತ್ರಿ ಎಲ್ಲಿದ್ದಿರಿ ಅಂತ ಕೇಳಿದರು. ನಾನು ಮನೆ ಬಿಟ್ಟು ಹೋಗಲೇ ಇಲ್ಲ, ಅಂದೆ."

ಅರ್ಧ ತಿರುಗಿದ ಕೀಲಿ ನೀಲಿ. ಅದನ್ನು ಹತ್ತು ಹನ್ನೊಂದು ಪುಟ ಹಾಗೇ ಬಿಟ್ಟಿದ್ದೇನೆ. ಸುಧಾಳ ಉತ್ತರ ಕೆಂಪು, ಅದರಲ್ಲೂ ಎರಡು ಅರ್ಥದ್ದು. ಅವಳು ಮನೆ ಬಿಟ್ಟು ಹೋಗಿಲ್ಲ ಅನ್ನುವುದು ನಿಜ. ಅಣ್ಣನೂ ಹೋಗಿಲ್ಲ! ಮೊದಲ ಓದಿಗೆ ಅದು ಅವಳನ್ನು ಕಾಯುವ ಮಾತು, ಎರಡನೇ ಓದಿಗೆ ತಪ್ಪೊಪ್ಪಿಗೆ. ಈ ಸಾಲಿನ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಉತ್ತರ ತಡಮಾಡುವ ಉಪಾಯಗಳನ್ನು ಬಾರ್ತ್ ಒಂದೊಂದಾಗಿ ಹೆಸರಿಸಿದ್ದಾರೆ: ಬಲೆ (ದಾರಿ ತಪ್ಪಿಸುವ ಸುಳಿವು), ದ್ವಂದ್ವಾರ್ಥ, ಅರ್ಧ ಉತ್ತರ, ನಡುವೆ ತಡೆದ ಉತ್ತರ, ಇದು ಬಿಡಿಸಲಾಗದ್ದು ಅಂತ ಕೈಚೆಲ್ಲುವುದು. ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಇವನ್ನೆಲ್ಲ ಪಾತ್ರದ ಮನಸ್ಸೇ ಮಾಡಬೇಕು, ಲೇಖಕ ಮಾಡಬಾರದು. ಸುಧಾ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಾದರೆ ಓದುಗರು ಅವಳ ಜೊತೆ ನಡೆಯುತ್ತಾರೆ. "ಆಗ ನಾನು ಕಂಡದ್ದು..." ಅಂತ ಅಧ್ಯಾಯ ನಿಲ್ಲಿಸಿದರೆ ಅದು ನಾನು ಕದ್ದಿಟ್ಟದ್ದು. ಓದುಗರಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಅಂಥ ಜಾಗಗಳನ್ನೆಲ್ಲ ಕಿತ್ತುಹಾಕಿದೆ. ಅರ್ಧ ಉತ್ತರ ಮಾತ್ರ ಹನ್ನೆರಡು ಪುಟಕ್ಕೊಂದರಂತೆ ಕೊಟ್ಟೆ. ಪ್ರತಿ ಅರ್ಧ ಉತ್ತರವೂ ಮೊದಲಿಗಿಂತ ದೊಡ್ಡ ಪ್ರಶ್ನೆ ಬಿಟ್ಟು ಹೋಗಬೇಕು. ಇಲ್ಲದಿದ್ದರೆ ಕೊಟ್ಟೂ ಪ್ರಯೋಜನವಿಲ್ಲ.

ಹಸಿರಿನಿಂದ ಇಷ್ಟು ಲಾಭವಿದೆ ಅಂತ ನಾನು ಎಣಿಸಿರಲಿಲ್ಲ. ಶುರುವಿನಲ್ಲೇ ಸುಧಾ ಅಚ್ಚುಕಟ್ಟಿನವಳು ಅಂತ ಬರುತ್ತದೆ. ಮೇಜು ಒರೆಸುತ್ತಾಳೆ, ಹಿಡಿಕೆ ಒರೆಸುತ್ತಾಳೆ. ಓದುಗರು ಅದನ್ನು ಗುಣ ಅಂತ ತೆಗೆದುಕೊಂಡು ಸುಮ್ಮನಾಗುತ್ತಾರೆ. ನೂರೈವತ್ತು ಪುಟದ ನಂತರ ಅದೇ ಒರೆಸುವುದು ಸಾಕ್ಷ್ಯ ನಾಶವಾಗಿ ಕಾಣುತ್ತದೆ. ಹಸಿರು ತುಂಡು ನೀಲಿಯಾಗುತ್ತದೆ. ಹೊಸದಾಗಿ ಒಂದು ಪದವನ್ನೂ ಸೇರಿಸುವ ಅಗತ್ಯವಿಲ್ಲ. ಹಳದಿಯಲ್ಲಿ ಸಮಾಜದ ನಂಬಿಕೆಗಳು: ತಂಗಿಯ ದುಃಖವನ್ನು ಯಾರೂ ಅನುಮಾನಿಸುವುದಿಲ್ಲ, ಅಲ್ವಾ? ಅದೂ ಒಂದು ಬಲೆಯೇ. ನೇರಳೆಯಿಂದ ನನಗೆ ಜಾಸ್ತಿ ಉಪಯೋಗವಾಗಲಿಲ್ಲ.

ನಡುವೆ ಒಂದು ಪ್ರಯೋಗಕ್ಕೂ ಕೈಹಾಕಿದೆ. ಮೇಜಿನ ಕೆಳಗಿನ ಬಾಂಬ್ ವಿಷಯ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ನಿಮಗೆ ನೆನಪಿರಬಹುದು. ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ 15 ಸೆಕೆಂಡಿನ ಆಶ್ಚರ್ಯ, ನೋಡುಗರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಸಸ್ಪೆನ್ಸ್. ಅದನ್ನು ನಂಬಿ, ಅಣ್ಣ ಸತ್ತಿದ್ದಾನೆ, ಮನೆಯಲ್ಲೇ ಇದ್ದಾನೆ ಅನ್ನುವುದನ್ನು ಅರ್ಧ ದಾರಿಯಲ್ಲೇ ಬಿಟ್ಟುಕೊಟ್ಟೆ. ಕಥೆ ಅಲ್ಲಿಗೇ ಮುಗಿಯಿತು ಅಂದರು ಗೆಳೆಯರು. ಎರಡು ಪ್ರತಿ ಮಾಡಿ ಹತ್ತು ಹತ್ತು ಜನರಿಗೆ ಕೊಟ್ಟೆ. ಮೊದಲೇ ಹೇಳಿದ ಪ್ರತಿಯನ್ನು ಹೆಚ್ಚಿನವರು ಎರಡೇ ದಿನದಲ್ಲಿ ಮುಗಿಸಿದರು. ಕೊನೆಗೆ ಹೇಳುವ ಪ್ರತಿ ಅರ್ಧಕ್ಕೇ ನಿಂತು ವಾಪಸ್ ಬಂತು. ಏನಾಯಿತು ಅನ್ನುವ ಪ್ರಶ್ನೆ ಮುಚ್ಚಿದರೂ, ಪೊಲೀಸರು ಆ ಕೋಣೆ ತೆರೆಯುವುದರೊಳಗೆ ಸುಧಾಳ ಮನಸ್ಸು ಅದನ್ನು ಒಪ್ಪುತ್ತದಾ ಅನ್ನುವುದು ತೆರೆದೇ ಇತ್ತು. ಕುತೂಹಲದ ಜಾಗಕ್ಕೆ ಭಯ ಬಂದಿತ್ತು.

ಪ್ರಕಾಶಕರು ಕೊಟ್ಟ ಮುಂಗಡದಲ್ಲಿ ಸಂಪಾದಕರಿಗೆ ಕೊಟ್ಟದ್ದು, ಪ್ರಿಂಟಿಗೆ ಸುರಿದದ್ದು ಎಲ್ಲಾ ವಾಪಸ್ ಬಂದು ಸ್ವಲ್ಪ ಉಳಿಯಿತು. ಕೊನೆಯ 30 ಪುಟದಲ್ಲಿ ಅರ್ಧ ಉತ್ತರಗಳನ್ನು ಯಾವ ಕ್ರಮದಲ್ಲಿ ಬಿಚ್ಚಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಕಾದಂಬರಿ ನಿಂತಿರುವುದೇ ಅದರ ಮೇಲೆ.

ನೀವು ಮಾಡಿ ನೋಡುವುದಾದರೆ ಇಡೀ ಹಸ್ತಪ್ರತಿಗೆ ಕೈಹಾಕಬೇಡಿ. ಓದುಗರು ಎಲ್ಲಿ ಪುಸ್ತಕ ಕೆಳಗಿಟ್ಟರು ಅಂತ ಕೇಳಿ, ಅದರ ಹಿಂದಿನ 20 ಪುಟ ತೆಗೆದುಕೊಳ್ಳಿ. ಕೆಂಪು, ನೀಲಿ ಎರಡೇ ಬಣ್ಣ ಸಾಕು. ಮೂರು ಪುಟ ಒಂದೇ ಬಣ್ಣ ಕಂಡರೆ ತಿದ್ದುವುದನ್ನು ಅಲ್ಲಿಂದಲೇ ಶುರು ಮಾಡಿ.