ಹಸಿರು ನೆಟ್ಟಿನ ಕೆಳಗೆ ಧಾರೆ: ಮಾಸ್ಕ್ ಹಿಡಿದು ನಾನು ಗೆದ್ದ ಕಥೆ

ತೀರ್ಥಹಳ್ಳಿ ಕಡೆ ಮನೆ ಮದುವೆಯ ಫೋಟೋ ತೆಗೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೊದಲೆಲ್ಲ ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ ಹಾಕುತ್ತಿದ್ದರು. ಈಗ ಹಸಿರು ಶೇಡ್ ನೆಟ್ ಎಳೆದು ಕಟ್ಟಿಬಿಡುತ್ತಾರೆ. ನೆಂಟರಿಗೆ ತಂಪು, ನಮಗೆ ಶನಿ. 11 ಗಂಟೆ ಬಿಸಿಲಲ್ಲಿ ಧಾರೆ ಮುಹೂರ್ತ ಬಂತೆಂದರೆ ಪುರೋಹಿತರ ಪಂಚೆಯಿಂದ ಮದುಮಗಳ ಕೆನ್ನೆವರೆಗೆ ಎಲ್ಲಾ ಹಸಿರು. ಆ ಹಸಿರನ್ನು ಕಂಪ್ಯೂಟರಿನಲ್ಲಿ ಮಾಸ್ಕ್ ಹಾಕಿ, ಅಂದರೆ ಫೋಟೋದಲ್ಲಿ ತಿದ್ದುಪಡಿ ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು ಅಂತ ಗುರುತಿಸುವ ಪರದೆ ಹಾಕಿ, ತೆಗೆದ ಕಥೆ ಇದು.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಆಲ್ಬಂ ಕೊಡಲು ಹೋಗಿದ್ದೆ. ಹುಡುಗಿಯ ಅಪ್ಪ ಮೂರನೇ ಹಾಳೆಗೆ ನಿಂತರು. "ಎಂತ ಮಾರಾಯ್ರೆ, ನಮ್ಮ ಹುಡುಗಿಗೆ ಪಾಚಿ ಹಿಡಿದ ಹಾಗೆ ಕಾಣ್ತದಲ್ಲ" ಅಂದರು. ಬೈಯಲಿಲ್ಲ, ನಗುತ್ತಲೇ ಹೇಳಿದರು. ಅದೇ ಜಾಸ್ತಿ ಚುಚ್ಚಿತು. 12×36 ಇಂಚಿನ ಎಂಟೋ ಒಂಬತ್ತೋ ಹಾಳೆ ಮತ್ತೆ ಪ್ರಿಂಟ್, ಮತ್ತೆ ಬೈಂಡಿಂಗ್, ಶಿವಮೊಗ್ಗಕ್ಕೆ ಎರಡು ಸಲ ಓಡಾಟ, ಎಲ್ಲ ಸೇರಿ 7 ಸಾವಿರದ ಹತ್ತಿರ ಹೋಯಿತು. ಆ ಮದುವೆಯಲ್ಲಿ ನನಗೆ ಉಳಿದದ್ದು ಊಟ ಮಾತ್ರ.

ಎಲ್ಲರೂ ಮಾಡುವುದನ್ನೇ ಮೊದಲು ನಾನೂ ಮಾಡಿದ್ದು. ಇಡೀ ಫೋಟೋದ ಟಿಂಟನ್ನು ಮಜೆಂಟಾ ಕಡೆ, ಅಂದರೆ ಹಸಿರಿಗೆ ಎದುರಾದ ನೇರಳೆಗೆಂಪಿನ ಕಡೆ, ಎಳೆದೆ. ಮುಖವೇನೋ ಸರಿಯಾಯಿತು. ಆದರೆ ಹುಡುಗಿ ಉಟ್ಟಿದ್ದು ಗಿಳಿಹಸಿರು ಸೀರೆ, ಅದು ತುಕ್ಕು ಬಣ್ಣಕ್ಕೆ ತಿರುಗಿತು, ಹಿಂದಿದ್ದ ತೋಟಕ್ಕೆ ಎಲೆಚುಕ್ಕೆ ರೋಗ ಬಂದ ಹಾಗಾಯಿತು. ಸೀರೆಗೆ ದುಡ್ಡು ಕೊಟ್ಟವರು ಬಿಡುತ್ತಾರಾ?

ಶಿವಮೊಗ್ಗದ ಗೆಳೆಯನೊಬ್ಬ, ನನಗಿಂತ ಹಳೇ ಸ್ಟುಡಿಯೋದವನು, "ಎರಡು ಲೈಟ್ ಜಾಸ್ತಿ ಇಡು, ಮಾಸ್ಕು ಗೀಸ್ಕು ಅಂತ ರಾತ್ರಿ ಹಾಳು ಮಾಡ್ಕೋಬೇಡ" ಅಂದ. ಅದನ್ನೂ ನೋಡಿದೆ. ಫ್ಲ್ಯಾಶ್ ಮೇಲಕ್ಕೆ ಬೌನ್ಸ್ ಮಾಡಿದರೆ ಅಲ್ಲಿರುವುದೂ ಅದೇ ನೆಟ್ ಅಲ್ವಾ, ಬೆಳಕು ಹಸಿರಾಗಿಯೇ ವಾಪಸ್ ಬರುತ್ತದೆ. ನೇರ ಹೊಡೆದರೆ ಮದುಮಕ್ಕಳಿಗೆ ಸುಣ್ಣ ಬಳಿದ ಹಾಗೆ, ಹಿಂದೆ ನಿಂತ ಸೋದರಮಾವ ಮಾತ್ರ ಹಸಿರು. ಆಮೇಲೆ ಸಾಫ್ಟ್‌ವೇರ್ ತಾನೇ ಆಳನ್ನು ಗುರುತಿಸಿ ಮಾಸ್ಕ್ ಮಾಡಿಕೊಡುವ ಬಟನ್ ಹಿಡಿದೆ. ಅದು ಬಾಸಿಂಗದ ಅಂಚು ತಿಂದಿತು. ಗಾಳಿಯಲ್ಲಿದ್ದ ಅಕ್ಷತೆಯಲ್ಲಿ ಅರ್ಧ ಕಾಳು ಒಳಗೆ, ಅರ್ಧ ಹೊರಗೆ. ಹಸಿರು ಅಕ್ಕಿ, ಗುಲಾಬಿ ಅಕ್ಕಿ.

ದಾರಿ ಸಿಕ್ಕಿದ್ದು ಒಂದು ಮಳೆಗಾಲದ ರಾತ್ರಿ. ಕೆಲಸವಿರಲಿಲ್ಲ, ಸುಮ್ನೆ ಒಂದೇ ಫೋಟೋ 200 ಪರ್ಸೆಂಟಿಗೆ ಹಿಗ್ಗಿಸಿ ನೋಡುತ್ತಾ ಕೂತಿದ್ದೆ. ಮದುಮಗಳ ಹಣೆ ಹಸಿರು, ಮೂಗಿನ ಮೇಲ್ಭಾಗ ಹಸಿರು, ಗಲ್ಲದ ಕೆಳಗೆ ಮಾತ್ರ ಹಸಿರೇ ಇಲ್ಲ. ಅಲ್ಲಿ ಕೆಂಪು! ಕೆಳಗೆ ಹಾಸಿದ್ದ ಕೆಂಪು ಜಮಖಾನದ ಬೆಳಕು ಅದು. ಅಂದರೆ ಒಂದೇ ಮುಖಕ್ಕೆ ಎರಡು ಕಾಯಿಲೆ, ನಾನು ಇಷ್ಟು ದಿನ ಒಂದೇ ಮಾತ್ರೆ ಕೊಡುತ್ತಿದ್ದೆ. ಮುಖಕ್ಕೊಂದು ಮಾಸ್ಕ್ ಅನ್ನುವುದೇ ತಪ್ಪು. ಬೆಳಕು ಬಂದ ದಿಕ್ಕಿಗೊಂದು ಮಾಸ್ಕ್ ಬೇಕು.

ಈಗ ಮಾಡುವುದು ಹೀಗೆ. ಫೋಟೋಶಾಪಿನಲ್ಲಿ ಒಂದು ಕರ್ವ್ಸ್ ಲೇಯರ್ (ಬೆಳಕು, ಬಣ್ಣ ಏರಿಳಿಸುವ ಪದರ). ಫೋಟೋ ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್, ಅದರಲ್ಲಿ ಹಸಿರು ಚಾನೆಲ್ಲಿನ ನಡುವನ್ನು, 0ರಿಂದ 255ರ ಅಳತೆಯಲ್ಲಿ, 128ರಿಂದ 114, 115ರ ಆಸುಪಾಸಿಗೆ ಇಳಿಸುತ್ತೇನೆ. ಬ್ಲೆಂಡಿಂಗ್ ಮೋಡ್ ಕಲರ್, ಆಗ ಬಣ್ಣ ಮಾತ್ರ ಬದಲಾಗಿ ಬೆಳಕು ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಮುಖ ಮಂಕಾಗುತ್ತದೆ. ಮಾಸ್ಕ್ ಪೂರ್ತಿ ಕಪ್ಪು, ಅಂದರೆ ತಿದ್ದುಪಡಿ ಎಲ್ಲೂ ಕಾಣುವುದಿಲ್ಲ, ಬಿಳಿ ಬಳಿದಲ್ಲಿ ಮಾತ್ರ ಕಾಣುತ್ತದೆ. ಮೆತ್ತನೆ ಬ್ರಷ್, ಫ್ಲೋ (ಬ್ರಷ್ಷಿನಿಂದ ಬಣ್ಣ ಹರಿಯುವ ಪ್ರಮಾಣ) 6ರಿಂದ 8 ಪರ್ಸೆಂಟ್, ಬಿಳಿ ಬಣ್ಣದಲ್ಲಿ ಹಣೆ, ಮೂಗು, ಭುಜದ ಮೇಲ್ಭಾಗಕ್ಕೆ ನಾಲ್ಕೈದು ಸಲ ತೇಲಿಸುತ್ತೇನೆ. ಜಮಖಾನದ ಕೆಂಪಿಗೆ ಇನ್ನೊಂದು ಲೇಯರ್, ಗಲ್ಲದ ಕೆಳಗೆ ಮಾತ್ರ. ಪಂಚೆ, ಶಲ್ಯಕ್ಕೆ ಮೂರನೆಯದು, ಸ್ವಲ್ಪ ಜೋರಾಗಿ. ಚರ್ಮಕ್ಕೆ ತನ್ನದೇ ಕೆಂಪು ಇರುವುದರಿಂದ ಹಸಿರು ಅಷ್ಟಿಷ್ಟು ಮುಚ್ಚುತ್ತದೆ, ಬಿಳಿ ಬಟ್ಟೆಯಲ್ಲಿ ಏನೂ ಮುಚ್ಚುವುದಿಲ್ಲ. ಪಂಚೆಯ ಅಂಚನ್ನು ಕೈಯಲ್ಲಿ ಕೊರೆಯುವ ಹುಚ್ಚು ಬೇಡ. ಚಾನೆಲ್ಸ್ ಪ್ಯಾನೆಲಿನಲ್ಲಿ ಕಂಟ್ರೋಲ್ ಒತ್ತಿ ಆರ್‌ಜಿಬಿ ಮೇಲೆ ಕ್ಲಿಕ್ ಮಾಡಿದರೆ ಬೆಳಕಿನ ಭಾಗ ತಾನೇ ಸೆಲೆಕ್ಟ್ ಆಗುತ್ತದೆ, ಅದರೊಳಗೆ ಬ್ರಷ್ ಆಡಿಸಿದರೆ ಮಡಿಕೆಯ ನೆರಳನ್ನೂ ಅದೇ ಬಿಟ್ಟುಕೊಳ್ಳುತ್ತದೆ. ಮುಖಕ್ಕೆ ನಾನು ಆರ್‌ಜಿಬಿ ಹಿಡಿಯುವುದಿಲ್ಲ, ಬೇರೆ ಚಾನೆಲ್ ಇದೆ. ಯಾವುದು ಅಂತ ಹೇಳುವುದಿಲ್ಲ, ಇರುವುದೇ ಮೂರು, ಹುಡುಕಿಕೊಳ್ಳಿ.

ಮುಗಿಸುವ ಮೊದಲು ಆಲ್ಟ್ ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿ ಬರೀ ಮಾಸ್ಕನ್ನೇ ನೋಡಿ. ನನ್ನ ಮೊದಲ ಮಾಸ್ಕುಗಳು ಗೋಡೆಗೆ ಮಕ್ಕಳು ಸುಣ್ಣ ಎರಚಿದ ಹಾಗಿದ್ದವು.

ಈ ಹುರುಪಿನಲ್ಲಿ ಜೋಗದ ಮೇಲೂ ಕೈ ಇಟ್ಟೆ. ಜುಲೈ ತಿಂಗಳು, ರಾಜ, ರೋರರ್ ಎರಡೂ ತುಂಬಿ ಬೀಳುತ್ತಿದ್ದವು. ಆಕಾಶಕ್ಕೊಂದು, ಕಣಿವೆಗೊಂದು ಎಕ್ಸ್‌ಪೋಷರ್ ತೆಗೆದು ಮನೆಗೆ ಬಂದು ಮಾಸ್ಕಿನಲ್ಲಿ ಸೇರಿಸಿದೆ. ಎರಡು ಕ್ಲಿಕ್ಕಿನ ನಡುವೆ ಮಂಜು ಸರಿದಿತ್ತು. ಎರಡು ಮಂಜು ಒಂದರ ಮೇಲೊಂದು ಕೂತು, ರಾಣಿಯ ಪಕ್ಕ ಇಲ್ಲದ ಜಲಪಾತವೊಂದು ಹುಟ್ಟಿಕೊಂಡಿತು. ಎರಡು ರಾತ್ರಿ ಒದ್ದಾಡಿದ ಮೇಲೆ ಒಂದೇ ರಾ ಫೈಲನ್ನು (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲು) ಎರಡು ಸಲ ಡೆವಲಪ್ ಮಾಡಿ, ಒಮ್ಮೆ ಕತ್ತಲಾಗಿ, ಒಮ್ಮೆ ಬೆಳಕಾಗಿ, ಸೇರಿಸಿದೆ. ಆಗ ಸರಿಬಂತು. ಆ ಫೋಟೋ ಯಾರೂ ಕೊಳ್ಳಲಿಲ್ಲ, ಅದು ಬೇರೆ ಮಾತು.

ಖರ್ಚಿನ ಲೆಕ್ಕಕ್ಕೆ ಬರೋಣ. ಬಣ್ಣದ ವಿವರ ಜಾಸ್ತಿ ಇರುವ 16 ಬಿಟ್ಟಿನಲ್ಲಿ ನಾಲ್ಕೈದು ಲೇಯರ್ ಆದರೆ ನನ್ನ ಹಳೇ ಲ್ಯಾಪ್‌ಟಾಪ್ ಉಸಿರುಗಟ್ಟುತ್ತಿತ್ತು. ರ‍್ಯಾಮ್ ಹಾಕಿಸಲು 3 ಸಾವಿರ ಚಿಲ್ಲರೆ. ಗಾಳಿಮಳೆಗೆ ಕರೆಂಟು ಹೋಗಿ ಅರ್ಧ ದಿನದ ಕೆಲಸ ಮುಳುಗಿದ ಮೇಲೆ ಇನ್ವರ್ಟರ್. ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್ 2,200ಕ್ಕೋ ಏನೋ ಸಿಕ್ಕಿತು, ಇದನ್ನು ಮಾತ್ರ ಮೊದಲೇ ತಗೋಬೇಕಿತ್ತು. ಮೌಸಿನಲ್ಲಿ ಫೋಟೋಗೆ 40 ನಿಮಿಷ ಹಿಡಿಯುತ್ತಿತ್ತು, ಈಗ ಆರೇಳು ನಿಮಿಷ. ಎಲ್ಲ ಫೋಟೋಗೂ ಮಾಡುವುದಿಲ್ಲ, ಆಲ್ಬಮ್ಮಿನ ದೊಡ್ಡ ಮೂವತ್ತು, ಮೂವತ್ತೈದಕ್ಕೆ ಮಾತ್ರ. ಒಂದರ ಲೇಯರ್‌ಗಳನ್ನು ಇನ್ನೊಂದಕ್ಕೆ ಎಳೆದು ಹಾಕಿ, ಮಾಸ್ಕಿಗೆ ಕಪ್ಪು ತುಂಬಿ ಮತ್ತೆ ಬ್ರಷ್ ಆಡಿಸುತ್ತೇನೆ. ಈಗ ಮಾತುಕತೆಯಲ್ಲೇ "ನೆಟ್ ಚಪ್ಪರವಾದರೆ 3 ಸಾವಿರ ಜಾಸ್ತಿ" ಅಂತ ಹೇಳಿಬಿಡುತ್ತೇನೆ. ಕೊಡುತ್ತಾರೆ, ಮೊದಲಿನ ಫೋಟೋ, ಆಮೇಲಿನ ಫೋಟೋ ಮೊಬೈಲಿನಲ್ಲಿ ತೋರಿಸಿದರೆ ಸಾಕು.

ಎರಡು ಲೈಟ್ ಜಾಸ್ತಿ ಇಡು ಅಂದ ಗೆಳೆಯ ಹೋದ ಸೀಸನ್ನಿನಲ್ಲಿ ತಿದ್ದಿಕೊಡು ಅಂತ ಪೆನ್ ಡ್ರೈವ್ ಕಳಿಸಿದ್ದ. ಫೋಟೋಗೆ 60 ರೂಪಾಯಿ ತಗೊಂಡೆ, ಬಿಡಲಿಲ್ಲ.

ಬಗ್ಗದೇ ಇರುವುದು ನೀಲಿ ಟಾರ್ಪಾಲಿನ ಚಪ್ಪರ. ಅದರ ಕೆಳಗೆ ಕೆಂಪು ಬೆಳಕು ಇಲ್ಲವೆಂಬಷ್ಟು ಕಡಿಮೆ, ಮುಖದ ಕೆಂಪು ಚಾನೆಲ್ ತೆಗೆದು ನೋಡಿದರೆ ಬರೀ ಕತ್ತಲೆ ಮತ್ತು ಕಾಳುಕಾಳು ನಾಯ್ಸ್. ಹಸಿರು ಚಾನೆಲಿನ ವಿವರವನ್ನೇ ಸ್ವಲ್ಪ ಸಾಲ ತಂದು ಕೆಂಪಿಗೆ ತುಂಬಿ ನೋಡುತ್ತಿದ್ದೇನೆ. ಮೊನ್ನೆ ಮದುಮಗನ ಮುಖ ಪರವಾಗಿಲ್ಲ ಅನ್ನುವಷ್ಟಕ್ಕೆ ಬಂತು, ಕುಂಕುಮ ಮಾತ್ರ ಇನ್ನೂ ನೇರಳೆ.